ದೇವರೆದುರು ನಿಂತು ಕೊಟ್ಟ ಉತ್ತರ

ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಎಣ್ಣೆ ಇಲ್ಲ ಅನ್ನುವ ಹಾಗಿಲ್ಲ, ಎಣ್ಣೆ ತರಬೇಕು ಅನ್ನಬೇಕು. ಪೇಟೆಗೆ ಹೊರಟವಳು ಅಪ್ಪಿತಪ್ಪಿ ‘ಹೋಗ್ತೇನೆ’ ಅಂದರೆ ಮುಗಿಯಿತು, ‘ಹೋಗಿ ಬರ್ತೇನೆ ಅನ್ನು’ ಎಂದು ಒಳಗಿನಿಂದ ತಿದ್ದುಪಡಿ ಬರುತ್ತದೆ. ನನ್ನ ಗಂಡ ಮಡಿಕೇರಿ ಹತ್ತಿರದ ಒಂದು ಹಳ್ಳಿಯ ದೇವಸ್ಥಾನದ ಅರ್ಚಕರು. ನಾನು ಸರ್ಕಾರಿ ಶಾಲೆಯ ಟೀಚರ್ ಆಗಿದ್ದವಳು, ತಪ್ಪಿದ್ದರೆ ತಪ್ಪು ಅಂತಲೇ ಹೇಳಿ ಅಭ್ಯಾಸ. ಮದುವೆಯಾದ ಹೊಸದರಲ್ಲಿ ಇದೆಲ್ಲ ನಗು ತರಿಸುತ್ತಿತ್ತು. ಆಮೇಲೆ ನನ್ನ ನಾಲಿಗೆಯೂ ಹೊಂದಿಕೊಂಡಿತು. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ದೇವರೆದುರಂತೂ ಆಡಲೇಬಾರದು, ಅಷ್ಟೇ ವಿಷಯ. ಅದೇ ಒಂದು ದಿನ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಇವರು ಈಗ ಜಗಲಿಯಲ್ಲಿ ಕೂತು ಸಕ್ಕರೆ ಕಡಿಮೆಯಾಯಿತು ಅಂತ ಕಾಫಿಯ ಮೇಲೆ ಗೊಣಗುತ್ತಿದ್ದಾರೆ. ಹಾಗಾಗಿಯೇ ಇದನ್ನೆಲ್ಲ ಬರೆಯುವ ಧೈರ್ಯ ಬಂದಿದೆ.

ಮೊದಲ ಆಘಾತ ನನಗಾದದ್ದು ನಿವೃತ್ತಿಯಾದಾಗ. ಕೆಲಸದಲ್ಲಿದ್ದಷ್ಟು ದಿನ ನನಗೂ ಇವರಿಗೂ ಆಸ್ಪತ್ರೆ ಖರ್ಚಿಗೆ ಸರ್ಕಾರದ ಸೌಲಭ್ಯವಿತ್ತು. ಸರ್ಕಾರಿ ನೌಕರಿ ಮಾಡಿದವಳಿಗೆ ಸಾಯುವ ತನಕ ಇದು ಇರುತ್ತದೆ ಅಂತಲೇ ನಾನು ನಂಬಿದ್ದೆ. ಶಾಲು ಹೊದಿಸಿ, ಹಾರ ಹಾಕಿ, ಊಟ ಹಾಕಿ ಕಳಿಸಿದ ಮೇಲೆ ವಿಚಾರಿಸಿದರೆ, ಆ ಸೌಲಭ್ಯ ಕೆಲಸದಲ್ಲಿದ್ದವರಿಗೆ ಮಾತ್ರ ಎಂದರು. ಅಲ್ಲ ಸ್ವಾಮಿ, ಗಟ್ಟಿಮುಟ್ಟಾಗಿದ್ದಾಗ ಕೊಟ್ಟು, ಮಂಡಿನೋವು ಶುರುವಾದ ಮೇಲೆ ಕಿತ್ತುಕೊಳ್ಳುವುದು ಯಾವ ಲೆಕ್ಕ? ಪಿಂಚಣಿದಾರರಿಗೆ ಬೇರೆ ಯೋಜನೆ ಬರುತ್ತದೆ ಎಂದು ನಿವೃತ್ತ ನೌಕರರ ಸಂಘದ ಸಭೆಯಲ್ಲಿ ಪ್ರತಿ ಸಲ ಹೇಳುತ್ತಿದ್ದರು. ಬರುತ್ತದೆ ಅನ್ನುವುದನ್ನು ಕೇಳಿ ಕೇಳಿ ಚಹಾ ಕುಡಿದು ನಾವು ಮನೆಗೆ ಬರುತ್ತಿದ್ದೆವು.

ಇನ್ನುಳಿದ ದಾರಿಗಳನ್ನೂ ನೋಡಿದೆ. ಬಡವರಿಗಾದರೆ ಸರ್ಕಾರದ ಕಾರ್ಡಿನಲ್ಲಿ ದೊಡ್ಡ ಚಿಕಿತ್ಸೆಯೂ ಆಗುತ್ತದೆ. ನಮ್ಮದು ಎಪಿಎಲ್ ಕಾರ್ಡ್. ಖರ್ಚಿನಲ್ಲಿ ಒಂದು ಸಣ್ಣ ಪಾಲು ಸರ್ಕಾರದ್ದು, ಉಳಿದದ್ದು ನಮ್ಮದು. ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಮುಂದಿನ ಆಸ್ಪತ್ರೆ. ಇದೆಲ್ಲ ಯಾರಿಗೆ ಬೇಕು ಅನ್ನಿಸಿ ಇಬ್ಬರಿಗೂ ಸೇರಿಸಿ ಖಾಸಗಿ ಪಾಲಿಸಿಯನ್ನೇ ಮಾಡಿಸಲು ಹೊರಟೆ. ಏಜೆಂಟ್ ಮನೆಗೇ ಬಂದರು. ಇವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ನಾನಾಗಿಯೇ ಅವರಿಗೆ ಹೇಳಿದೆ. ಕಂಪನಿಯಿಂದ ಫೋನ್ ಮಾಡಿ ಆರೋಗ್ಯದ ಬಗ್ಗೆ ಒಂದೊಂದಾಗಿ ಕೇಳುತ್ತಾರೆ, ಆಗ ಎಲ್ಲವನ್ನೂ ಹೇಳಿಬಿಡಿ, ಅದೇ ಮುಖ್ಯ ಎಂದರು. ಒಂದು ಸಂಜೆ ದೇವಸ್ಥಾನದಿಂದ ಬಂದ ಇವರು, ಆ ಫೋನ್ ಬಂತು, ಎಲ್ಲ ಹೇಳಿಯಾಯಿತು ಎಂದರು. ನಾನು ನೆಮ್ಮದಿಯಾಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮೂರು ವರ್ಷ ಕಳೆದು ನಾಲ್ಕನೆಯದು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಗೌಡರು ಅಂಗಳಕ್ಕೆ ಜೀಪು ನುಗ್ಗಿಸಿಕೊಂಡೇ ಬಂದರು. ಹಾರ್ನ್ ಕೇಳಿ ಹೊರಗೆ ಬಂದರೆ, “ಟೀಚರೇ, ಬನ್ನಿ, ಭಟ್ರಿಗೆ ಅಭಿಷೇಕದ ಹೊತ್ತಿಗೆ ಎದೆ ಹಿಡ್ಕೊಂಡಿದೆ” ಎಂದರು. ಜೀಪಿನ ಹಿಂದಿನ ಸೀಟಿನಲ್ಲಿ ಇವರು ಮಡಿಯಲ್ಲೇ, ಬೆವರಿನಲ್ಲಿ ಮಿಂದು ಒರಗಿದ್ದರು. ಏನಾಗ್ತಿದೆ ಅಂದರೆ ‘ಏನೂ ಇಲ್ಲ’ ಅಂದರು.

ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಇಂಜೆಕ್ಷನ್ ಕೊಟ್ಟು, ಹೃದಯದ ರಕ್ತನಾಳ ಕಟ್ಟಿದೆ, ಮೈಸೂರಿಗೆ ಹೋಗಲೇಬೇಕು ಎಂದರು. ಸರ್ಕಾರದ ಯೋಜನೆಗೆ ಚೀಟಿ ಬರೆದುಕೊಡುತ್ತೇನೆ ಎಂದು ಡಾಕ್ಟರು ಹೇಳಿದಾಗ, ನಾನು ಅಂಥ ಹೊತ್ತಿನಲ್ಲೂ ಸ್ವಲ್ಪ ಜಂಬದಿಂದಲೇ, “ಬೇಡ ಡಾಕ್ಟ್ರೇ, ನಮ್ಗೆ ಪಾಲಿಸಿ ಉಂಟು” ಅಂದೆ. ಅವರು ಇರಲಿ ಎಂದು ಬರೆದು ಫೈಲಿಗೆ ಸೇರಿಸಿದರು. ಆಂಬುಲೆನ್ಸಿನಲ್ಲಿ ಕುಶಾಲನಗರ, ಹುಣಸೂರು ದಾಟುವ ತನಕ ನಾನು ಇವರ ಕೈ ಬಿಡಲಿಲ್ಲ.

ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿದರು. ಸದ್ಯಕ್ಕೆ ಅಪಾಯವಿಲ್ಲ, ಆದರೆ ಒಂದೆರಡು ದಿನದೊಳಗೆ ಸ್ಟೆಂಟ್ ಹಾಕಲೇಬೇಕು ಎಂದರು. ಬಿಪಿ ಯಾವಾಗಿನಿಂದ ಎಂದು ಕೇಳಿದಾಗ, ಪಾಲಿಸಿ ಮಾಡಿಸುವ ಎಷ್ಟೋ ವರ್ಷ ಮೊದಲಿನಿಂದ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದು ಆಸ್ಪತ್ರೆಯ ಕಾಗದದಲ್ಲಿ ವಿಮೆ ಕಂಪನಿಗೆ ಹೋಯಿತು. ಸಂಜೆಗೆ ವಿಮೆಯ ಕೌಂಟರಿನ ಹುಡುಗಿ ನನ್ನನ್ನು ಕರೆದು, ಕಂಪನಿಯವರು ಕ್ಲೇಮ್ ಒಪ್ಪಲಿಲ್ಲ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಂತೆ ಎಂದಳು.

ಮುಚ್ಚಿಡುವುದಾ? ನಾವಾ? ಫೋನ್ ಮಾಡಿ ಕಂಪನಿಯವರ ಮೇಲೆ ಹಾರಾಡಿದೆ. ನನ್ನ ಗಂಡ ಅರ್ಚಕರು, ಸುಳ್ಳು ಹೇಳುವವರಲ್ಲ, ಫೋನಿನಲ್ಲಿ ಎಲ್ಲ ಹೇಳಿದ್ದಾರೆ ಎಂದೆ. ಆ ಕಡೆಯವನು ಸಮಾಧಾನವಾಗಿಯೇ, ಮಾತುಕತೆ ರೆಕಾರ್ಡ್ ಆಗಿದೆ ಮೇಡಂ, ಕಳಿಸುತ್ತೇನೆ, ನೀವೇ ಕೇಳಿ ಎಂದ. ಬಿಪಿ ಇದೆ ಎಂದು ಅವತ್ತೇ ಹೇಳಿದ್ದರೆ ಕಂತು ತುಸು ಹೆಚ್ಚಾಗುತ್ತಿತ್ತು, ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಮೂರು ವರ್ಷ ಕಾಯಬೇಕಾಗುತ್ತಿತ್ತು, ಅಷ್ಟೇ ಎಂದೂ ಹೇಳಿದ. ಆ ಮೂರು ವರ್ಷ ಆಗಲೇ ಮುಗಿದಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಮೊದಲು ಕೇಳಿಸಿದ್ದು ನಮ್ಮ ದೇವಸ್ಥಾನದ ಗಂಟೆ. ಫೋನ್ ಬಂದಾಗ ಇವರು ಗರ್ಭಗುಡಿಯ ಬಾಗಿಲಲ್ಲೇ ನಿಂತಿದ್ದರು. ಒಬ್ಬ ಹುಡುಗಿ ಕನ್ನಡದಲ್ಲೇ ನಿಧಾನವಾಗಿ ಕೇಳುತ್ತಿದ್ದಳು. ಶುಗರ್ ಇದೆಯಾ ಸರ್? “ದೇವರ ದಯೆ, ಏನೂ ಇಲ್ಲಮ್ಮ.” ಬಿಪಿ? “ಏನೂ ಇಲ್ಲ, ಎಲ್ಲ ಚೆನ್ನಾಗಿದೆ.” ಅಯ್ಯೋ ದೇವರೇ, ಅವತ್ತು ಬೆಳಿಗ್ಗೆಯೂ ಆ ಮಾತ್ರೆಯನ್ನು ನಾನೇ ನೀರಿನ ಜೊತೆ ಕೈಗೆ ಕೊಟ್ಟಿದ್ದೆ. ಆದರೆ ದೇವರೆದುರು ನಿಂತು ಕಾಯಿಲೆಯ ಹೆಸರು ಎತ್ತುವುದು ಆ ಮನುಷ್ಯನಿಂದ ಆಗುವುದಿಲ್ಲ. ಅವರ ಮಟ್ಟಿಗೆ ಅದು ಸುಳ್ಳಲ್ಲ, ಶುಭದ ಮಾತು. ವಿಮೆ ಕಂಪನಿಗೆ ಶುಭದ ಮಾತು ಯಾಕೆ ಬೇಕು?

ಕೊನೆಯ ಪ್ರಶ್ನೆ ಎದೆನೋವಿನದ್ದು. ಯಾವಾಗಲಾದರೂ ಎದೆಯಲ್ಲಿ ನೋವು ಬಂದಿದೆಯಾ ಎಂದು ಅವಳು ಕೇಳಿದಳು. ಅಲ್ಲಿಯವರೆಗೆ ಪಟಪಟನೆ ಉತ್ತರ ಕೊಟ್ಟವರು ಇದಕ್ಕೆ ಸುಮ್ಮನಾದರು. ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು. ಸರ್, ಲೈನಿನಲ್ಲಿದ್ದೀರಾ ಎಂದು ಅವಳು ಕೇಳಿದ ಮೇಲೆ, ಮೆಲ್ಲಗೆ, “ಇಲ್ಲಮ್ಮ, ದೇವರ ದಯೆ” ಎಂದರು.

ಆ ಮೌನವನ್ನು ನಾನು ಮತ್ತೆ ಮತ್ತೆ ಕೇಳಿದೆ. ಕ್ಲೇಮ್ ಹೋದದ್ದು ಆ ಹೊತ್ತಿಗೆ ಮರೆತೇ ಹೋಯಿತು. ಈ ಮನುಷ್ಯನಿಗೆ ಆಗಲೇ ನೋವಿತ್ತು. ದಿನಾ ಪಕ್ಕದಲ್ಲಿ ಕೂತು ಊಟ ಮಾಡುವವಳಿಗೂ ಅದನ್ನು ಹೇಳಿರಲಿಲ್ಲ. ನಾನು ಎಷ್ಟು ಸಲ ‘ಯಾಕೆ ಸಪ್ಪಗಿದ್ದೀರಿ’ ಎಂದು ಕೇಳಿದ್ದೇನೋ, ಅಷ್ಟು ಸಲವೂ ನನಗೆ ಸಿಕ್ಕಿದ್ದು ಕಂಪನಿಯ ಹುಡುಗಿಗೆ ಸಿಕ್ಕಿದ ಉತ್ತರವೇ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಮರುದಿನ ಮಡಿಕೇರಿಯ ಡಾಕ್ಟರ ಆ ಚೀಟಿಯೇ ಕೈಹಿಡಿಯಿತು. ಅದನ್ನು ತೋರಿಸಿ ಮೈಸೂರಿನಲ್ಲೇ ಸರ್ಕಾರಿ ಹೃದಯದ ಆಸ್ಪತ್ರೆಗೆ ಇವರನ್ನು ಸೇರಿಸಿದೆ. ಎಪ್ಪತ್ತು ದಾಟಿದವರಿಗೆ ಬೇರೆಯದೇ ಕಾರ್ಡ್ ಬಂದಿದೆ ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ಇವರಿಗೆ ಅರವತ್ತೆಂಟು. ಸರ್ಕಾರದ ಪಾಲು ಕಳೆದು ಉಳಿದದ್ದನ್ನು ನನ್ನ ಪಿಂಚಣಿಯ ಉಳಿತಾಯದಿಂದ ಕಟ್ಟಿದೆ, ಅದು ನಮ್ಮ ಕೈಗೆ ನಿಲುಕುವಷ್ಟೇ ಇತ್ತು.

ಸ್ಟೆಂಟ್ ಹಾಕುವ ಮೊದಲು ಒಬ್ಬ ಎಳೆಯ ಡಾಕ್ಟರು ಬಂದು, ಎದೆನೋವು ಎಷ್ಟು ದಿನದಿಂದ ಅಜ್ಜಾ ಎಂದು ಕೇಳಿದರು. ಇವರು ಬಾಯಿ ತೆರೆದು, ಎದುರು ಗೋಡೆ ನೋಡಿ, ಮತ್ತೆ ಮುಚ್ಚಿಕೊಂಡರು. ನಾನೂ ನೋಡಿದೆ. ಅಲ್ಲಿ ದೇವರ ಚಿತ್ರದ ಕ್ಯಾಲೆಂಡರ್ ತೂಗುತ್ತಿತ್ತು. ಎದ್ದು ಹೋಗಿ ಅದನ್ನು ಗೋಡೆಯ ಕಡೆಗೆ ತಿರುಗಿಸಿದೆ. ಡಾಕ್ಟರು ಕಣ್ಣುಬಿಟ್ಟು ನೋಡುತ್ತಲೇ ನಿಂತರು.

“ಈಗ ಹೇಳಿ” ಅಂದೆ.

ಇವರು ಡಾಕ್ಟರ ಕಡೆ ತಿರುಗಿದರು. “ಉಂಟು. ನಾಲ್ಕೈದು ವರ್ಷದಿಂದ ಉಂಟು. ಕೊಡ ಎತ್ತಿ ಮೆಟ್ಟಿಲು ಹತ್ತುವಾಗ ಬರ್ತದೆ” ಎಂದರು. ಡಾಕ್ಟರು ಬರೆದುಕೊಂಡರು. ಆಮೇಲೆ ಇವರು ನನ್ನ ಕಡೆ ತಿರುಗಿ, “ಹೆದರಿಕೆ ಆಗ್ತದೆ ಮಾರಾಯ್ತಿ” ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಸೆರಗಿನಿಂದ ಅವರ ಹಣೆ ಒರೆಸಿದೆ.

ಇವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕ್ಯಾಲೆಂಡರನ್ನು ಮೊದಲಿನ ಹಾಗೆ ತಿರುಗಿಸಿ, ಅದರೆದುರು ನಿಂತುಕೊಂಡೆ. ಎಲ್ಲ ಚೆನ್ನಾಗಿದೆ, ನಿನ್ನ ದಯೆ ಎಂದು ಕೈಮುಗಿಯುವುದು ರೂಢಿ. ಅವತ್ತು ಕೈಮುಗಿಯಲಿಲ್ಲ. ಏನೂ ಚೆನ್ನಾಗಿಲ್ಲ, ನನಗೂ ಹೆದರಿಕೆ ಆಗ್ತಿದೆ ಎಂದು ಗಟ್ಟಿಯಾಗಿಯೇ ಹೇಳಿದೆ.