ಭಯ್ಯಾನ ಕಬಾಬಿಗೆ ನಾನು ಬರೆದ ಅರ್ಜಿ

ಯುಗಾದಿಯ ಮರುದಿನ ನಮ್ಮ ಕಡೆ ಹೊಸತೊಡಕು. ಅವತ್ತು ಮಾಂಸದ ಸಾರು ಕುದಿಯದಿದ್ದರೆ ವರ್ಷವಿಡೀ ಬಾಯಿ ಬಡವಾಗುತ್ತೆ ಅಂತ ನಮ್ಮಜ್ಜಿ ಹೇಳೋರು. ದೆಹಲಿಗೆ ಗುಮಾಸ್ತನಾಗಿ ಬಂದ ಮೇಲೆ ನೋಡಿದರೆ, ಇಲ್ಲಿನವರಿಗೆ ಆ ದಿನ ಚೈತ್ರದ ನವರಾತ್ರಿಯ ಉಪವಾಸ, ಮೊಟ್ಟೆಯನ್ನೂ ಮುಟ್ಟರು. ಅಕ್ಕಪಕ್ಕದವರೆಲ್ಲ ಹಣ್ಣು ತಿಂದುಕೊಂಡಿರುವಾಗ, ಆರ್.ಕೆ.ಪುರಂ ಕ್ವಾರ್ಟರ್ಸಿನ ನಾವು ನಾಲ್ಕು ಕನ್ನಡದ ಮನೆಯವರು ಚೀಲ ಹಿಡಿದು ಹಿಂದಿನ ಗಲ್ಲಿಗೆ ಹೊರಡುತ್ತಿದ್ದೆವು.

ಅಲ್ಲಿ ಒಬ್ಬ ಭಯ್ಯಾನ ಮಾಂಸದಂಗಡಿ. ಆ ಒಂಬತ್ತು ದಿನ ನೊಣ ಹೊಡೆಯುತ್ತಾ ಕೂರುತ್ತಿದ್ದವನು ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

"ಅಚ್ಛಾ, ನನ್ನ ಮದ್ರಾಸಿಗಳು ಬಂದರು! ನಿಮ್ಮ ದೇವರೇ ಬೇರೇನಾ ಸಾಬ್?"

"ದೇವರು ಅದೇ ಕಣಯ್ಯಾ, ಹಸಿವು ಬೇರೆ. ಮೂಳೆ ಕಮ್ಮಿ ಹಾಕು."

"ಮೂಳೆ ಇಲ್ಲದ ಸಾರು ನಿಮ್ಮ ಆಫೀಸಿನ ಚಹಾ ಇದ್ದ ಹಾಗೆ!"

ಅಂಗಡಿಗೆ ಅಂಟಿಕೊಂಡೇ ಅವನ ಮನೆ, ಮಧ್ಯೆ ಒಂದು ಬಾಗಿಲು. ಒಳಗೆ ಅವನ ಹೆಂಡತಿ ಕಲ್ಲಿನ ಮೇಲೆ ಮಸಾಲೆ ಅರೆದು, ಕೀಮಾಕ್ಕೆ ಕಲಸಿ ಕಬಾಬ್ ಮಾಡುತ್ತಿದ್ದಳು. ಎರಡು ಸಾವಿರದ ಐದೋ ಆರೋ ಇರಬೇಕು, ಗುರ್‌ಗಾಂವ್‌ನಲ್ಲಿ ಹೊಸದಾಗಿ ತೆರೆದ ಹೋಟೆಲಿನವನೊಬ್ಬ ಅದನ್ನು ತಿಂದು ಮರುಳಾದ. ದಿನಾ ಕಳಿಸು, ಆದರೆ ತಯಾರಿಸಿದ ಮಾಂಸ ಮಾರುವುದಕ್ಕೆ ಲೈಸೆನ್ಸ್ ಬೇಕು ಅಂದ. ಭಯ್ಯಾನ ಬಳಿ ಹಸಿ ಮಾಂಸದ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ.

"ಸಾಬ್, ನೀವು ಸರ್ಕಾರಿ ಮನುಷ್ಯರು. ಒಂದು ಅರ್ಜಿ ಬರೆದುಕೊಡಿ" ಎಂದು ನನ್ನ ಹತ್ತಿರ ಬಂದ.

ನನಗೋ ಉಬ್ಬು. ಊರಿನವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ತಾತ ಹೇಳಿಕೊಟ್ಟ ಪಾಠ ಒಂದೇ: "ಅರ್ಜಿಯಲ್ಲಿ ಮುಚ್ಚಿಟ್ಟದ್ದು ತನಿಖೆಯಲ್ಲಿ ಬಾಯಿ ಬಿಡುತ್ತೆ ಮಗಾ." ಆಫೀಸಿನಲ್ಲೂ ನಾನು ಸಕಲ ಸಂಗತಿ ಕಾಣಿಸದೆ ಫೈಲು ಮೇಲೆ ಕಳಿಸಿದವನಲ್ಲ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಹತ್ತು ವರ್ಷದಿಂದ, ವಾಸದ ಮನೆಯ ಅಡಿಗೆಕೋಣೆಯಲ್ಲೇ, ಹೆಂಡತಿ ಶುಚಿಯಾಗಿ ಮಾಡುತ್ತಾಳೆ ಅಂತ ಒಂದೂ ಬಿಡದೆ ಬರೆದೆ. ಭಯ್ಯಾ ಓದಲಾರದ ಆ ಹಾಳೆಗಳನ್ನು ಕಣ್ಣಿಗೊತ್ತಿಕೊಂಡ.

ತಿಂಗಳೊಳಗೆ ನಗರಪಾಲಿಕೆಯ ಇನ್‌ಸ್ಪೆಕ್ಟರ್ ಬಂದರು, ಕೈಯಲ್ಲಿ ನನ್ನದೇ ಅರ್ಜಿ. ವಾಸದ ಮನೆಯಲ್ಲಿ ಮಾಂಸದ ಪದಾರ್ಥ ತಯಾರಿಸುವ ಹಾಗಿಲ್ಲವಂತೆ. ಕಬಾಬ್ ನಿಂತದ್ದಲ್ಲದೆ, ಮಧ್ಯೆ ಬಾಗಿಲಿದ್ದದ್ದರಿಂದ ಅಂಗಡಿಗೂ ಸೀಲ್ ಬಿತ್ತು.

ನಾನು ಅರ್ಧ ದಿನ ರಜೆ ಹಾಕಿ ಆ ಕಚೇರಿಗೆ ಓಡಿದೆ. ಮೇಜಿನ ಆಚೆಯವರು ನನ್ನಂಥವರೇ, ಕುರ್ಚಿ ತೋರಿಸಿ ಚಹಾ ತರಿಸಿದರು. "ನೀವೇ ಹೇಳಿ ಸಾಬ್, ಲಿಖಿತವಾಗಿ ಬಂದದ್ದನ್ನು ನೋಡಲಿಲ್ಲ ಅಂತ ನಾನು ಹೇಗೆ ಬರೆಯಲಿ? ನೀವಾದರೆ ಬರೆಯುತ್ತಿದ್ದಿರಾ?"

ಬರೆಯುತ್ತಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಬೇರೆ ಜಾಗ ಹಿಡಿದು, ಟೈಲ್ಸ್ ಹಾಕಿಸಿ, ದೊಡ್ಡ ಫ್ರೀಜರ್ ತಂದರೆ ಲೈಸೆನ್ಸ್ ಸಿಗುತ್ತದೆ ಅಂದಿದ್ದರು. ಅಷ್ಟು ದುಡ್ಡು ಭಯ್ಯಾ ಕಂಡವನಲ್ಲ, ಅದನ್ನು ಅವನಿಗೆ ನಾನು ಹೇಳಲೇ ಇಲ್ಲ.

"ಕೈಬರಹ ಚೆನ್ನಾಗಿದೆ ಅಂತ ಅಷ್ಟೆಲ್ಲಾ ಬರೀಬೇಕಿತ್ತೇನ್ರೀ?" ಅಂದಳು ನನ್ನವಳು. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಅಂದಳು.

ಮುಂದಿನ ಹೊಸತೊಡಕಿಗೆ ಕಾಲು ತಾನಾಗಿ ಅದೇ ಗಲ್ಲಿಗೆ ಹೋಯಿತು. ಸೀಲಿನ ಅರಗು ಬಿಸಿಲಿಗೆ ಬಿರಿದಿತ್ತು. ಎದುರಿನ ಜಗುಲಿ ಮೇಲೆ ಭಯ್ಯಾ ಕೂತಿದ್ದ.

"ಇವತ್ತು ನೀವು ಬರ್ತೀರಿ ಅಂತ ಗೊತ್ತಿತ್ತು ಸಾಬ್." ಜೇಬಿನಿಂದ ಮಡಿಸಿದ ಕಾಗದ ತೆಗೆದ. ಗುರ್‌ಗಾಂವ್ ಆಚೆ ಮಾಂಸ ಪ್ಯಾಕ್ ಮಾಡುವ ದೊಡ್ಡ ಕಾರ್ಖಾನೆಯಲ್ಲಿ ಕತ್ತರಿಸುವ ಕೆಲಸಕ್ಕೆ ಫಾರಂ. "ನೀವೇ ತುಂಬಿಕೊಡಿ."

"ನಾನಾ?"

"ಮತ್ಯಾರು? ನನಗೆ ಗೊತ್ತಿರೋ ಓದಿದವರು ನೀವೊಬ್ಬರೇ."

ಪೆನ್ನು ತೆಗೆದೆ. "ಏನೇನು ಬರೀಲಿ?"

"ಎಲ್ಲಾ ಬರೀರಿ. ಕಬಾಬ್ ನನ್ನ ಹೆಂಡತಿ ಮಾಡ್ತಾಳೆ ಅಂತಾನೂ."

ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದೆ ಅನ್ನುವ ಹಾಗೆ ತಲೆಯಾಡಿಸಿ, ಅವನ ಹೆಸರು, ವಯಸ್ಸು ತುಂಬಿಕೊಟ್ಟೆ. ಆ ಹಬ್ಬಕ್ಕೆ ನಮ್ಮನೆಯಲ್ಲಿ ಹುರುಳಿಕಾಳಿನ ಸಾರು.