ಸೋರೆಕಾಯಿ ಮೂಗಿನವರ ಮನೆ

ಆ ಧಾರಾವಾಹಿಯನ್ನು ನೋಡುವುದಿಲ್ಲ ಎಂದು ಹಟ ಹಿಡಿದು ಎಷ್ಟೋ ವರ್ಷವಾಗಿತ್ತು. ಹುಡುಗರಾಗಿದ್ದಾಗ ಅಣ್ಣ ನನ್ನನ್ನು ಮುಂಬಯಿ ಪಕ್ಕದ ಕಲ್ವಾದಿಂದ ಥಾಣೆಯ ಥಿಯೇಟರಿಗೆ ಎಳೆದುಕೊಂಡು ಹೋಗಿ ತೋರಿಸಿದ ಬಾಹ್ಯಾಕಾಶದ ಸಿನಿಮಾಗಳೆಂದರೆ ನಮ್ಮಿಬ್ಬರಿಗೂ ಪ್ರಾಣ. ಅದೇ ಕಥೆಯ ಬಾಲ ಹಿಡಿದು ಯಾರೋ ಟಿವಿಗೆಂದು ಹೊಸೆದದ್ದು ಈ ಧಾರಾವಾಹಿ. ಕೆಲವೇ ಕಂತಿಗೆ ಅದನ್ನು ನಿಲ್ಲಿಸಿದರು. ಈಗ ಮಾಡಿದವರೇ ಅದರ ಸುದ್ದಿ ಎತ್ತಿದರೆ ಮುಖ ತಿರುಗಿಸುತ್ತಾರಂತೆ. ಅಭಿಮಾನಿಗಳಂತೂ ಅದನ್ನು ನೋಡುವುದು ನಗುವುದಕ್ಕೆ ಮಾತ್ರ. ನನಗೆ ಅಷ್ಟು ನಗೆಯೂ ಬೇಡವಾಗಿತ್ತು.

ಕಳೆದ ಮಳೆಗಾಲದಲ್ಲಿ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಕಾಲು ಸರಿಹೋಯಿತು, ಮಾತು ಹೋಯಿತು. ಹೇಳಬೇಕಾದದ್ದು ತಲೆಯಲ್ಲಿದೆ, ಬಾಯಿಗೆ ಬರುವುದು ಬರೀ ಸದ್ದು ಎಂದರು ಡಾಕ್ಟರು. ನನಗೆ ದೇವರ ಮೇಲೆಯೇ ಸಿಟ್ಟು ಬಂತು. ಯಾಕೆಂದರೆ ಅಣ್ಣ ತಾಳಮದ್ದಳೆಯ ಅರ್ಥಧಾರಿ. ಯಕ್ಷಗಾನದ್ದೇ ಕಥೆ, ಆದರೆ ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತಾಡಬೇಕು, ಎದುರಾಳಿಯ ಮಾತನ್ನು ಮಾತಿನಿಂದಲೇ ಕಡಿಯಬೇಕು. ವಾರವಿಡೀ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವ ಮನುಷ್ಯ ಭಾನುವಾರ ಡೊಂಬಿವಲಿಯ ಕರಾವಳಿ ಕನ್ನಡಿಗರ ಸಂಘದ ಹಾಲಿನಲ್ಲಿ ರಾಜನಾಗುತ್ತಿದ್ದ.

ಸಂಘದವರು ಒಳ್ಳೆಯ ಮನಸ್ಸಿನಿಂದಲೇ ತೀರ್ಮಾನಿಸಿದರು: ಮುಂದಿನ ಕೂಟದಲ್ಲಿ ಅಣ್ಣನಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಎದುರು ಸಾಲಿನಲ್ಲಿ ಒಂದು ಕುರ್ಚಿ. ನಮ್ಮ ಜನ ಶಾಲು ಹೊದಿಸಿದರೆಂದರೆ, ಇನ್ನು ನೀವು ಮಾತಾಡಬೇಕಾಗಿಲ್ಲ, ಕೂತು ಕೇಳಿ ಎಂದೇ ಲೆಕ್ಕ. ಅಣ್ಣನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಎಷ್ಟೋ ಜನರಿಗೆ ಅವನೇ ಹೊದಿಸಿದ್ದಾನೆ. ಸುದ್ದಿ ಕೇಳಿದ ದಿನದಿಂದ ಅವನು ಆ ಸದ್ದನ್ನೂ ನಿಲ್ಲಿಸಿಬಿಟ್ಟ. ತುಟಿ ಬಿಗಿದುಕೊಂಡು ಗೋಡೆ ನೋಡುತ್ತ ಕೂತ.

ಅತ್ತಿಗೆ ಫೋನ್ ಮಾಡಿದರು. “ನೀನೊಮ್ಮೆ ಬಾ ಮಾರಾಯ. ನಮ್ಮತ್ರ ಮುಖ ಕೊಟ್ಟು ನೋಡುದಿಲ್ಲ ಅವ್ರು. ಹೀಗೇ ಆದ್ರೆ ನಾನು ಎಂತ ಮಾಡುದು?”

ಕೂಟದ ಹಿಂದಿನ ದಿನ, ಶನಿವಾರ, ನಾನಿರುವ ಸೀವುಡ್ಸ್‌ನಿಂದ ಟ್ರೇನ್ ಬದಲಿಸಿ ಡೊಂಬಿವಲಿಗೆ ಹೋದೆ. ಹೋಗಿ ಮಾಡಿದ್ದೇನು? ಅವನ ಪಕ್ಕ ಕೂತು ನಾನೂ ಗೋಡೆ ನೋಡಿದೆ. ಕಡೆಗೆ ಅಣ್ಣನ ಮಗಳೇ ಬೇಸತ್ತು ಟಿವಿಯಲ್ಲಿ ಆ ಕುಖ್ಯಾತ ಧಾರಾವಾಹಿಯನ್ನು ಹಚ್ಚಿದಳು. “ಚಿಕ್ಕಪ್ಪ, ಏಕ್‌ದಮ್ ಬಕ್ವಾಸ್ ಹೈ. ಹಸ್ನೇ ಕೇ ಲಿಯೇ ದೇಖೋ ನಾ,” ಎಂದಳು. ಪೂರ್ತಿ ಕಸ, ನಗುವುದಕ್ಕಾದರೂ ನೋಡು ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

ಜನ ಬೈದದ್ದರಲ್ಲಿ ಸುಳ್ಳಿರಲಿಲ್ಲ. ರಾಕೆಟ್ಟಿಗೆ ಕಟ್ಟಿದ ದಾರ ಕಾಣುತ್ತಿತ್ತು. ಸಿನಿಮಾದ ವೀರರು ಯಾರೂ ಇಲ್ಲ. ಯಾವುದೋ ಗ್ರಹದ ಒಂದು ಅಡುಗೆಮನೆ, ಅದರಲ್ಲಿ ಸೋರೆಕಾಯಿಯಂಥ ರಬ್ಬರ್ ಮೂಗಿನ ಒಬ್ಬ ತಾಯಿ, ಒಂದು ಮಗು, ಒಬ್ಬ ಮುದುಕ. ಅವರು ಗುರ್ರೋ ಬರ್ರೋ ಎಂದು ತಮ್ಮದೇ ಭಾಷೆಯಲ್ಲಿ ಮಾತಾಡುತ್ತಲೇ ಇದ್ದಾರೆ. ಕೆಳಗೆ ಒಂದಕ್ಷರ ವಿವರಣೆಯಿಲ್ಲ. ಲೋಕವೆಲ್ಲ ಉಗಿದದ್ದು ಇದಕ್ಕೇ. ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನು ರಿಮೋಟ್ ಹುಡುಕಿದೆ.

ಅಣ್ಣ ನನ್ನ ಕೈ ಹಿಡಿದು ತಡೆದ. ಅವನು ಮುಂದಕ್ಕೆ ಬಾಗಿ ಕೂತಿದ್ದ. ಕಿಟಕಿಗೆ ಬಂದ ಆ ತಾಯಿಯನ್ನು ತೋರಿಸಿ, ತನ್ನ ಮಣಿಕಟ್ಟು ತಟ್ಟಿ, ಬಾಗಿಲಿನತ್ತ ಬೆರಳು ಮಾಡಿದ. ಗಂಡ ಇನ್ನೂ ಬಂದಿಲ್ಲ, ಹೊತ್ತಾಯಿತು. ದಿನಾ ಸಂಜೆ ಲೋಕಲ್ ಟ್ರೇನಿಗೆ ಹೋದವರ ದಾರಿ ಕಾಯುವ ಡೊಂಬಿವಲಿಯಲ್ಲಿ ಯಾರಿಗೆ ತಾನೇ ಇದು ತಿಳಿಯದು! ಆಮೇಲೆ ಮುದುಕನನ್ನು ತೋರಿಸಿ ಕಣ್ಣು ಮುಚ್ಚಿ, ಒಂದನ್ನು ತುಸುವೇ ತೆರೆದ. ನಿದ್ದೆಯ ನಾಟಕ ಎಂದರ್ಥ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮುದುಕ ಹಾಗೆಯೇ ಒಂದು ಕಣ್ಣು ತೆರೆದು, ಮಗುವಿನ ತಟ್ಟೆಯಿಂದ ತಿಂಡಿ ಎಗರಿಸಿದ.

ಹುಡುಗಿಯ ನಗು ನಿಂತಿತು. ಅವಳು ಅಪ್ಪನ ಕಾಲ ಬಳಿ ಬಂದು ಕೂತಳು. “ಪಪ್ಪಾ, ಅಬ್ ಕ್ಯಾ ಬೋಲಿ ವೋ?” ಆ ತಾಯಿ ಈಗ ಏನೆಂದಳು ಎಂದು ಕೇಳಿದಳು.

ಅಣ್ಣ ಬಾಯಿ ತೆರೆದ. ಎಷ್ಟೋ ದಿನಗಳ ಮೇಲೆ ಆ ಸದ್ದು ಬಂತು. ಮೊದಲು ಅಂಜುತ್ತ, ಆಮೇಲೆ ಏರುತ್ತ, ಇಳಿಯುತ್ತ, ನಡುವೆ ಬೇಕೆಂದೇ ನಿಲ್ಲುತ್ತ. ಪರದೆಯ ಮೇಲಿನ ಆ ಮನೆಯಲ್ಲಿ ಎಲ್ಲರದೂ ಬರೀ ಸದ್ದು, ಆದರೆ ಯಾರೂ ಯಾರನ್ನೂ ಮೂಗ ಎಂದುಕೊಂಡಿರಲಿಲ್ಲ. ದಾರ ಕಾಣುವ ಆ ರಾಕೆಟ್ಟನ್ನೇ ಕೈ ಮುಗಿಯಬೇಕೆನ್ನಿಸುವಷ್ಟು ಬೆರಗಿನಿಂದ ನೋಡಿದೆ.

ಮರುದಿನ ಮಧ್ಯಾಹ್ನ ಅಣ್ಣ ತಾನಾಗಿಯೇ ಬಿಳಿ ಪಂಚೆ ಉಟ್ಟು ಹೊರಟ. ಸನ್ಮಾನಕ್ಕೆ ಒಪ್ಪಿದನೆಂದು ಅತ್ತಿಗೆಗೆ ಸಮಾಧಾನ. ಹಾಲಿಗೆ ಹೋದವನು ಎದುರು ಸಾಲಿನ ಕುರ್ಚಿಯತ್ತ ನೋಡಲಿಲ್ಲ. ನೇರ ವೇದಿಕೆ ಹತ್ತಿ, ಅಂದಿನ ಪ್ರಸಂಗದ ಸೋಲೊಪ್ಪದ ರಾಜನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಆ ಪಾತ್ರಕ್ಕೆ ಬಂದಿದ್ದವರು ತಬ್ಬಿಬ್ಬಾಗಿ ಪಕ್ಕಕ್ಕೆ ಸರಿದರು. ಶಾಲು ಹಿಡಿದ ಕಾರ್ಯದರ್ಶಿ ಅಲ್ಲೇ ನಿಂತರು. ಭಾಗವತರು ಒಮ್ಮೆ ಅಣ್ಣನ ಮುಖ ನೋಡಿ ರಾಜನ ಪದ ಎತ್ತಿಕೊಂಡರು.

ಪದ ಮುಗಿಯಿತು. ಅಣ್ಣ ಶುರು ಮಾಡಿದ. ಒಂದು ಶಬ್ದವೂ ಕನ್ನಡವಲ್ಲ, ತುಳುವಲ್ಲ. ಹುಬ್ಬು ಏರಿತು, ದನಿ ಏರಿತು, ಕೊನೆಗೆ ತೊಡೆ ತಟ್ಟಿ ನಿಲ್ಲಿಸಿದ. ಯಾರಾದರೂ ನಕ್ಕರೆ ಎಂದು ನಾನು ಸಾಲು ಸಾಲಿನ ಮುಖಗಳನ್ನು ನೋಡಿದೆ. ಅಯ್ಯೋ ಪಾಪ ಎಂದರೆ ಅದಕ್ಕಿಂತ ಕಷ್ಟ.

ಸಂಧಾನಕ್ಕೆ ಬಂದ ದೂತನಾಗಿ ಎದುರಿಗೆ ಕೂತವರು ಅವನ ಹಳೆಯ ಎದುರಾಳಿ, ಕಾಮೋಠೆಯ ನಿವೃತ್ತ ಬ್ಯಾಂಕ್ ಅಧಿಕಾರಿ. ನಾಲಿಗೆ ಭಾರೀ ಹರಿತ, ದಾಕ್ಷಿಣ್ಯ ಅನ್ನುವುದೇ ಇಲ್ಲ. ಅವರು ಗಂಟಲು ಸರಿಮಾಡಿಕೊಂಡರು. “ರಾಜಾ, ನಿನ್ನ ಶೌರ್ಯದ ಮಾತನ್ನು ಒಪ್ಪಿದೆ. ಆದರೆ ನ್ಯಾಯದ ವಿಷಯದಲ್ಲಿ ನೀನು ಈಗ ಆಡಿದ್ದು...” ಎನ್ನುವಷ್ಟರಲ್ಲಿ ಅಣ್ಣ ಗುಡುಗುತ್ತ ಅಡ್ಡ ಬಾಯಿ ಹಾಕಿದ. ಅವರು ಮತ್ತೆ ಶುರು ಮಾಡಿದರು, ಅಣ್ಣ ಮತ್ತೆ ತಡೆದ. ಮೂರನೆಯ ಸಲ ಅವರಿಗೆ ನಿಜವಾಗಿಯೇ ಸಿಟ್ಟು ನೆತ್ತಿಗೇರಿತು.

“ಎಷ್ಟು ಮಾತಾಡುತ್ತೀಯಯ್ಯಾ ನೀನು!” ಎಂದು ಕೂಗಿದರು. “ನನಗೂ ಒಂದು ಮಾತು ಆಡುವುದಕ್ಕೆ ಬಿಡು!”

ಅಣ್ಣ ಬಿಡಲಿಲ್ಲ.