ರೌಂಡಬೌಟ್ ಇಲ್ಲದ ಲೆಕ್ಕ

ನಮ್ಮ ರತ್ನಪ್ರಭಾ ಆಂಟಿಗೆ ಕಾರು ಓಡಿಸುವುದೊಂದು ಬಿಟ್ಟು ಕಾರಿನ ಬಗ್ಗೆ ಎಲ್ಲವೂ ಗೊತ್ತಿತ್ತು. ಅಲ್ ಮವಾಲೇಹ್ ತರಕಾರಿ ಮಾರ್ಕೆಟ್ಟಿನ ಹತ್ತಿರದ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಸುತ್ತ ಕೂರಿಸಿಕೊಂಡು ನಮಗೆ ಮ್ಯಾತ್ಸ್ ಟ್ಯೂಷನ್ ಹೇಳುತ್ತಿದ್ದರು. ಅವರ ಲೆಕ್ಕದ ಕಾರುಗಳು ಹೊರಟರೆ ಹೊರಟವೇ. ಒಂದು ಖುರುಮ್‌ನಿಂದ, ಇನ್ನೊಂದು ರುಸ್ತಾಕ್‌ನಿಂದ. ಎಲ್ಲಿ ಎದುರಾಗುತ್ತವೆ ಹೇಳಿ, ಹೇಳದಿದ್ದರೆ ಚಕ್ಕುಲಿ ಇಲ್ಲ! ಇಡೀ ಮಸ್ಕತ್‌ನಲ್ಲಿ ಅವರಷ್ಟು ಚೆನ್ನಾಗಿ ಲೆಕ್ಕ ಹೇಳಿಕೊಡುವವರು ಇಲ್ಲವೇ ಇಲ್ಲ. ಇದನ್ನು ಚಕ್ಕುಲಿಯ ಆಸೆಗೆ ಹೇಳುತ್ತಿಲ್ಲ, ಆಣೆ.

ಎರಡು ಸಾವಿರದ ಹದಿನಾರು. ಕಚ್ಚಾ ತೈಲದ ಬೆಲೆ ಬಿದ್ದು, ನಮ್ಮ ಬಿಲ್ಡಿಂಗಿನಲ್ಲಿ ವಾರಕ್ಕೊಂದು ಮನೆಯವರು ಸಾಮಾನು ಕಟ್ಟುತ್ತಿದ್ದರು. ಆಂಟಿಯ ಗಂಡ ಶ್ರೀನಿವಾಸಮೂರ್ತಿ ಅಂಕಲ್ ಕೆಲಸ ಮಾಡುತ್ತಿದ್ದ ಕಂಪನಿ ಖುರುಮ್ ಆಫೀಸಿಗೆ ಬೀಗ ಹಾಕಿ ಅವರನ್ನು ರುಸ್ತಾಕ್ ಸೈಟಿಗೆ ಕಳಿಸಿತು. ಇನ್ನು ಅವರು ಮನೆಗೆ ಬರುವುದು ವಾರದ ರಜೆಗೆ ಮಾತ್ರ. ಹಾಗಾದರೆ ಮಗಳು ಖುಷಿಯನ್ನು ದಿನಾ ಶಾಲೆಗೆ ಬಿಡುವವರು ಯಾರು?

"ರತ್ನಾ, ಈ ಸಲವೂ ಲೈಸೆನ್ಸ್ ಸಿಗ್ಲಿಲ್ಲ ಅಂದ್ರೆ ನೀನೂ ಮಗುವೂ ಮೈಸೂರಿಗೆ ಹೊರಟ್ಬಿಡಿ. ನಾನೊಬ್ಬನೇ ಹೇಗೋ ಇರ್ತೀನಿ," ಅಂದುಬಿಟ್ಟರು ಅಂಕಲ್.

ಈ ಸಲವೂ ಅಂದರೆ ಮೂರನೇ ಸಲ. ಡ್ರಮ್ಮುಗಳ ನಡುವೆ ರಿವರ್ಸ್ ಹೋಗುವ ಪರೀಕ್ಷೆಯನ್ನು ಆಂಟಿ ಮೊದಲ ಏಟಿಗೇ ಪಾಸು ಮಾಡಿದ್ದರು. ಅದು ಜಾಮಿಟ್ರಿ ತಾನೇ? ರೋಡ್ ಟೆಸ್ಟಿನಲ್ಲಿ ಮಾತ್ರ ಎರಡು ಸಲವೂ ಫೇಲ್. ಅದೂ ಒಂದೇ ಜಾಗದಲ್ಲಿ, ಒಂದೇ ತಪ್ಪಿಗೆ. ಅರವತ್ತು ಅಂತ ಬೋರ್ಡು ಕಂಡರೆ ಆಂಟಿ ಸ್ಪೀಡೋಮೀಟರಿನ ಮುಳ್ಳನ್ನು ಅರವತ್ತಕ್ಕೆ ತಂದು ನಿಲ್ಲಿಸುತ್ತಿದ್ದರು. ಆಮೇಲೆ ರೌಂಡಬೌಟ್ ಬರಲಿ, ಒಂಟೆ ಬರಲಿ, ಮುಳ್ಳು ಅಲ್ಲಾಡಬಾರದು.

"ಟೆಸ್ಟ್ ಮಾಡೋಕೆ ಪಕ್ಕದಲ್ಲಿ ಕೂತಿದ್ದ ಪೊಲೀಸು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡ್ಕೊಂಡು 'ಖಲಾಸ್, ಖಲಾಸ್!' ಅಂತ ಕೂಗಿದ್ರು ಕಣ್ರೇ," ಅಂತ ಆಂಟಿಯೇ ನಗುತ್ತಾ ಹೇಳಿದ್ದರು. ಡ್ರೈವಿಂಗ್ ಕಲಿಸುವ ಖಲ್ಫಾನ್ ಮಾಸ್ತರರಂತೂ "ಶ್ವಯ್ ಶ್ವಯ್, ನಿಧಾನ, ಮೇಡಂ" ಎಂದು ಹೇಳಿ ಹೇಳಿ ಸುಸ್ತಾಗಿದ್ದರು.

ಮೂರನೇ ಟೆಸ್ಟಿಗೆ ಮುಂಚಿನ ದಿನವೂ ಟ್ಯೂಷನ್ ತಪ್ಪಲಿಲ್ಲ. ಆಂಟಿ ಲೆಕ್ಕ ಕೊಟ್ಟರು: ಇಲ್ಲಿಂದ ರುಸ್ತಾಕ್ ನೂರಿಪ್ಪತ್ತು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಹೋಗುವಾಗ ಗಂಟೆಗೆ ನೂರಿಪ್ಪತ್ತು, ಬರುವಾಗ ಎಂಬತ್ತು. ಸರಾಸರಿ ವೇಗ ಎಷ್ಟು?

"ಹಂಡ್ರೆಡ್!" ಎಂದಳು ಅಕ್ಷಯಾ. ಉಡುಪಿ ಕಡೆಯವಳು, ಬಾಯಿ ಮುಂದೆ.

"ಎರಡನ್ನೂ ಕೂಡಿಸಿ ಅರ್ಧ ಮಾಡಿದ್ಯಾ? ಪೆದ್ದು! ಹೋಗೋಕೆ ಒಂದು ಗಂಟೆ, ಬರೋಕೆ ಒಂದೂವರೆ. ಒಟ್ಟು ಇನ್ನೂರ ನಲವತ್ತು ಕಿಲೋಮೀಟರ್, ಎರಡೂವರೆ ಗಂಟೆ. ತೊಂಬತ್ತಾರು ಕಣೇ. ನಿಧಾನಕ್ಕೆ ಬರೋವಾಗ ದಾರೀಲಿ ಜಾಸ್ತಿ ಹೊತ್ತು ಇರ್ತೀಯಲ್ಲ!"

ಅಕ್ಷಯಾಗೆ ಸಿಟ್ಟು ಬಂತು. "ಅದೆಂತ ಆಂಟಿ, ನಿಮ್ಮ ಕಾರಿಗೆ ಬ್ರೇಕೇ ಇಲ್ವಾ? ರುಸ್ತಾಕ್‌ವರೆಗೆ ಒಂದು ರೌಂಡಬೌಟೂ ಇಲ್ವಾ ಮಾರಾಯ್ರೆ?"

ಇನ್ನು ಅಕ್ಷಯಾಗೆ ಚಕ್ಕುಲಿ ಇಲ್ಲ ಎಂದುಕೊಂಡೆವು ನಾವೆಲ್ಲ. ಆಂಟಿ ಪೆನ್ಸಿಲ್ ಕಚ್ಚಿಕೊಂಡು ಅವಳನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಸರಿ, ಬ್ರೇಕ್ ಇರೋ ಲೆಕ್ಕವನ್ನೇ ಮಾಡೋಣ. ರೌಂಡಬೌಟ್ ಸುತ್ತಮುತ್ತ ಒಂದು ಕಿಲೋಮೀಟರ್. ಅರವತ್ತರಲ್ಲಿ ಹೋದ್ರೆ?"

"ಒಂದು ನಿಮಿಷ," ಎಂದೆ ನಾನು.

"ಇಪ್ಪತ್ತರಲ್ಲಿ?"

"ಮೂರು."

"ಅಂದ್ರೆ ನಷ್ಟ ಎರಡು ನಿಮಿಷ!" ಆಂಟಿ ಪೆನ್ಸಿಲನ್ನು ಮೇಜಿನ ಮೇಲೆ ಕುಟ್ಟಿದರು. "ಅಯ್ಯೋ, ಈ ಎರಡು ನಿಮಿಷ ಉಳಿಸೋಕೆ ಹೋಗಿ ನಾನು ಮೈಸೂರಿಗೇ ಹೊರಟಿದ್ನಲ್ರೇ!"

ಅವತ್ತು ಅಕ್ಷಯಾಗೆ ಉತ್ತರ ತಪ್ಪಿದ್ದರೂ ಎರಡು ಚಕ್ಕುಲಿ.

ಮರುದಿನ ಟೆಸ್ಟಿನಲ್ಲಿ ಅದೇ ರೌಂಡಬೌಟ್, ಅದೇ ಪೊಲೀಸು. ಅವರು ಮೊದಲೇ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂತಿದ್ದರಂತೆ. ಆಂಟಿ "ಎರಡೇ ನಿಮಿಷ, ಎರಡೇ ನಿಮಿಷ" ಎಂದು ಜಪಿಸುತ್ತಾ ಮುಳ್ಳನ್ನು ಅರವತ್ತರಿಂದ ನಲವತ್ತಕ್ಕೆ, ಇಪ್ಪತ್ತಕ್ಕೆ ಇಳಿಸಿದರು. ಎಡಗಡೆಯಿಂದ ಬರುವ ಗಾಡಿಗಳಿಗೆ ದಾರಿ ಬಿಟ್ಟು ನಿಂತರು. ಹಿಂದಿನ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಆಂಟಿ ಜಗ್ಗಲಿಲ್ಲ. ಕೊನೆಗೆ ರಸ್ತೆ ಖಾಲಿಯಾದಾಗ ಪೊಲೀಸರೇ ಡ್ಯಾಶ್‌ಬೋರ್ಡಿನಿಂದ ಕೈ ತೆಗೆದು "ಯಲ್ಲಾ, ಮೇಡಂ, ಯಲ್ಲಾ, ಹೊರಡಿ!" ಎಂದು ನಕ್ಕರು.

ಪಾಸ್! ಮೈಸೂರಿನ ಮಾತು ಅಲ್ಲಿಗೇ ಮುಗಿಯಿತು. ಖುಷಿ ಶಾಲೆಗೆ ಅಮ್ಮನ ಕಾರಿನಲ್ಲೇ ಹೋಗತೊಡಗಿದಳು.

ಒಂದು ತಿಂಗಳಾದ ಮೇಲೆ ಆಂಟಿ ಖುಷಿಯನ್ನು ಹಿಂದೆ ಕೂರಿಸಿಕೊಂಡು ತಾವೇ ರುಸ್ತಾಕ್‌ಗೆ ಹೊರಟರು. ಹೊರಡುವಾಗ ನಮಗೂ ಒಂದು ಲೆಕ್ಕ: ಗಂಟೆಗೆ ಎಂಬತ್ತರಲ್ಲಿ ಹೋದರೆ ಎಷ್ಟು ಹೊತ್ತಿನಲ್ಲಿ ತಲುಪುತ್ತೇನೆ? ನಾವೆಲ್ಲ ಒಂದೂವರೆ ಗಂಟೆ ಎಂದು ಬರೆದಿಟ್ಟೆವು. ಎರಡು ಗಂಟೆ ದಾಟಿತು, ಸುದ್ದಿಯೇ ಇಲ್ಲ. ಗಾಬರಿಯಾಗಿ ಅಂಕಲ್‌ಗೆ ಫೋನ್ ಮಾಡಿದೆವು.

"ಈಗ ಬಂದ್ಲಪ್ಪ," ಎಂದರು ಅವರು. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ದಾರೀಲಿ ಮೇಕೆ ಮಂದೆ ಅಡ್ಡ ಬಂತಂತೆ. ಕೊನೇ ಮರಿ ದಾಟೋವರೆಗೂ ನಿಂತಿದ್ಲಂತೆ!"

ಅಕ್ಷಯಾ ತಕ್ಷಣ ಉತ್ತರದ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಮೇಕೆ ಇಲ್ಲದಿದ್ದರೆ ಮಾತ್ರ." ವಾಪಸ್ ಬಂದ ಆಂಟಿ ಪೂರ್ತಿ ಮಾರ್ಕು ಕೊಟ್ಟಿದ್ದು ಅವಳೊಬ್ಬಳಿಗೇ.